ಹೆಳವನ ಗಂಟೆ ಎಣಿಸಿದ ಮುನಿಯಲ್ಲಮ್ಮ

ಮುನಿಯಲ್ಲಮ್ಮನ ಮುಂದೆ ಸುಳ್ಳು ಹೇಳುವುದು ಹಾಗಿರಲಿ, ನಿಜ ಹೇಳುವುದಕ್ಕೂ ಮಾದೇನಹಳ್ಳಿಯ ಜನ ಹೆದರುತ್ತಿದ್ದರು. ನಿಜವನ್ನೇ ಹೇಳಿದರೂ ಆಕೆ ಒಂದು ಕಣ್ಣು ಕಿರಿದು ಮಾಡಿ, ಬಾಯಲ್ಲಿದ್ದ ಎಲೆಯಡಿಕೆಯನ್ನು ಎಡದವಡೆಗೆ ತಳ್ಳಿ, ಒಂದೇ ಒಂದು ಮಾತು ಕೇಳುತ್ತಿದ್ದಳು: "ಅದಕ್ಕೆ ಮುಂಚೆ?"

ಆ ಮಾತಿಗೆ ಸಿಕ್ಕಿ ಬಚಾವಾದವರು ತಾಯಲೂರು ಹೋಬಳಿಯಲ್ಲೇ ಇರಲಿಲ್ಲ. ಒಮ್ಮೆ ಯಾರೋ ಹೊಸ ಜಾತಿಯ ಹಿಪ್ಪುನೇರಳೆ ಕಡ್ಡಿಗಳ ಕಟ್ಟು ಹೊತ್ತು ತಂದು, ಸೊಪ್ಪು ಚೆನ್ನಾಗಿ ಬರುತ್ತದೆ, ನೆಡಿ ಎಂದ. "ಇಲ್ಲಿಗೆ ಬರೋಕೆ ಮುಂಚೆ ಇದು ಯಾರ ಹೊಲದಲ್ಲಿತ್ತು? ಅಷ್ಟು ಒಳ್ಳೇದಾದ್ರೆ ಅವ್ರು ಯಾಕೆ ಕಡ್ದು ಕೊಟ್ರು?" ಎಂದಳು ಮುನಿಯಲ್ಲಮ್ಮ. ಕಡ್ಡಿಯಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ಆತ ಬೆವರು ಒರೆಸಿಕೊಂಡು ಪಕ್ಕದೂರಿಗೆ ಹೋದ. ಇನ್ನೊಮ್ಮೆ ಊರಿನ ಅಣ್ಣತಮ್ಮಂದಿರಿಬ್ಬರು ಕೋಳಿಯ ವಿಷಯಕ್ಕೆ ತಲೆ ಒಡೆದುಕೊಂಡು ನ್ಯಾಯಕ್ಕೆ ಬಂದರು. ತಮ್ಮ ಕೋಲೆತ್ತಿದ. ಅದಕ್ಕೆ ಮುಂಚೆ? ಅಣ್ಣ ಬೈದ. ಅದಕ್ಕೆ ಮುಂಚೆ? ಕೋಳಿ ತಿಪ್ಪೆ ಕೆದಕಿತು. ಅದಕ್ಕೆ ಮುಂಚೆ? ಹೀಗೆ ಹಿಂದಕ್ಕೆ ಹಿಂದಕ್ಕೆ ಹೋದರೆ, ಎಂಟು ವರ್ಷದ ಹಿಂದೆ ತಮ್ಮನ ಮದುವೆಯ ಊಟದಲ್ಲಿ ಅಣ್ಣನ ಎಲೆಗೆ ಹಪ್ಪಳ ಬಿದ್ದಿರಲಿಲ್ಲ. ಅಯ್ಯೋ ಶಿವನೇ! ಕೋಳಿ ಪಾಪ, ಹುಟ್ಟೇ ಇರಲಿಲ್ಲ ಆಗ.

"ಅನುಮಾನದ ಮುನಿಯಲ್ಲಮ್ಮ" ಎಂದೇ ಊರು ಆಕೆಗೆ ಹೆಸರಿಟ್ಟಿತ್ತು. ಆಕೆ ಕೇರ್ ಮಾಡಲಿಲ್ಲ. "ಹಾಲಿಗೆ ನೀರು ಬೆರ್ಸಿದಾರಾ ಅಂತ ನೋಡೋದು ತಪ್ಪಾ, ಬೆರ್ಸೋದು ತಪ್ಪಾ? ಹೇಳ್ರಿ ನೀವೇ" ಎನ್ನುತ್ತಿದ್ದಳು.

ಹುಟ್ಟುತ್ತಲೇ ಹೀಗಿದ್ದಳೇ? ಆಕೆಯ ಮಾತನ್ನೇ ಆಕೆಗೆ ಹಾಕಿ ಕೇಳಬೇಕು: ಅದಕ್ಕೆ ಮುಂಚೆ?

ಅದಕ್ಕೆ ಮುಂಚೆ ಆಕೆ ಶ್ರೀನಿವಾಸಪುರದ ಕಡೆಯ ಯಲ್ದೂರಿನಿಂದ ಬಂದ ಹದಿನೇಳರ ಹುಡುಗಿ. ಯಾರು ಏನು ಹೇಳಿದರೂ ಹೂಂಗುಟ್ಟುವವಳು. ಗಂಡ ಶ್ರೀರಾಮಪ್ಪ ಎತ್ತು ಗಾಡಿ ಇಟ್ಟುಕೊಂಡಿದ್ದ ಸಾಧು ಮನುಷ್ಯ. ಅತ್ತೆ ಅಶ್ವತ್ಥಮ್ಮ ಮಾತಿಗೆ ಜಿಪುಣಿ, ಆದರೆ ಆ ಮನೆಯಲ್ಲಿ ಆಕೆ ಕೆಮ್ಮಿದರೂ ಅದು ಅಪ್ಪಣೆ. ಮದುವೆಯಾದ ಮರುವರ್ಷ ಮುನಿಯಲ್ಲಮ್ಮ ಹೆಣ್ಣು ಹೆತ್ತಳು. ಸೂಲಗಿತ್ತಿ ಕೂಗಿ ಹೇಳಿದಾಗ ಬಾಗಿಲಾಚೆ ಇದ್ದ ಅಶ್ವತ್ಥಮ್ಮ "ಹೆಣ್ಣಾ?" ಎಂದು ಒಂದೇ ಮಾತು ಕೇಳಿ ಒಲೆಯ ಕಡೆ ಹೋದಳು. ಆ "ಹೆಣ್ಣಾ?" ಮುನಿಯಲ್ಲಮ್ಮನ ಕಿವಿಯಲ್ಲಿ ಉಳಿಯಿತು.

ಹದಿನಾರನೆಯ ದಿನಕ್ಕೆ ಬಾಣಂತಿಗೆ ಜ್ವರ ಬಂತು. ಮೈಮೇಲೆ ಎಚ್ಚರವಿರಲಿಲ್ಲ. ಶ್ರೀರಾಮಪ್ಪ ಬೆಲ್ಲದ ಗಾಡಿ ಹೊಡೆದುಕೊಂಡು ಮದನಪಲ್ಲಿಗೆ ಹೋಗಿದ್ದ. ನಾಲ್ಕು ದಿನ ಕಳೆದು ಕಣ್ಣು ಬಿಟ್ಟರೆ, ಜಂತೆಗೆ ಕಟ್ಟಿದ್ದ ಸೀರೆ ತೊಟ್ಟಿಲು ಬಿಚ್ಚಿ ಮಡಿಸಿ ಇಟ್ಟಿತ್ತು.

"ಅತ್ತೆ, ಮಗು?"

"ಹೋಯ್ತು."

"ಏನಾಯ್ತು? ಎಲ್ಲಿ ಮಣ್ಣು ಮಾಡಿದ್ರಿ?"

"ಅದನ್ನೆಲ್ಲ ಕೇಳ್ಬಾರ್ದು. ಆಗಿದ್ದು ಆಗ್ಲೇ ಇಲ್ಲ ಅಂದ್ಕೋ" ಎಂದಳು ಅಶ್ವತ್ಥಮ್ಮ. ಅಷ್ಟೇ. ಗಂಡ ಬಂದಮೇಲೆ ಕೇಳಿದರೆ "ಅಮ್ಮನ್ನೇ ಕೇಳು" ಎಂದು ಎತ್ತಿಗೆ ಹುಲ್ಲು ಹಾಕಲು ಎದ್ದುಹೋದ. ಎರಡು ವರ್ಷದ ಮೇಲೆ ಕದಿರೇಶ ಹುಟ್ಟಿದ. ನಾಮಕರಣಕ್ಕೆ ಬಂದವರಿಗೆಲ್ಲ ಅಶ್ವತ್ಥಮ್ಮ ಹೇಳಿದ್ದು: "ನಮ್ಮನೇ ಮೊದಲ್ನೇ ಕೂಸು." ತೊಟ್ಟಿಲು ತೂಗುತ್ತಿದ್ದ ಮುನಿಯಲ್ಲಮ್ಮ ಕೈ ನಿಲ್ಲಿಸಿದಳು. ಮೊದಲನೆಯದಂತೆ! ಹಾಗಾದರೆ ಹದಿನಾರು ದಿನ ತನ್ನ ಎದೆ ಹಾಲು ಕುಡಿದದ್ದು ಯಾರು?

ಅವತ್ತಿನಿಂದ ಆಕೆ ಯಾರು ಹೇಳಿದ ಮೊದಲನ್ನೂ ನಂಬಲಿಲ್ಲ. ಅತ್ತೆಯ ಮೇಲಿನ ಅನುಮಾನವನ್ನು ಬಾಯಿಬಿಟ್ಟು ಆಡಲಿಲ್ಲ. ಆದರೆ ಅತ್ತೆ ಕೊಟ್ಟ ನೀರನ್ನೂ ಬೆಳಕಿಗೆ ಹಿಡಿದು ನೋಡಿ ಕುಡಿಯುತ್ತಿದ್ದಳು. ಆಕೆಗೆ ಬೇಕಿದ್ದುದು ಎರಡೇ: ಆ ಕೂಸು ಹೇಗೆ ಹೋಯಿತು ಎಂದು ತಿಳಿಯಬೇಕು, ಮತ್ತು ಅಂಥದೊಂದು ಕೂಸು ಇತ್ತು ಎಂದು ಯಾರಾದರೂ ಒಬ್ಬರು ನಾಲ್ಕು ಜನರ ಮುಂದೆ ಹೇಳಬೇಕು.

ಅತ್ತೆಯ ನಡವಳಿಕೆಯೂ ಅನುಮಾನಕ್ಕೆ ತುಪ್ಪ ಸುರಿಯುವಂತೆಯೇ ಇತ್ತು. ತಾಯಲೂರಿನ ಸಂತೆಗೆ ಹೋಗುವಾಗ ಕೆರೆ ಏರಿಯ ಕೊನೆಗೆ ಒಂದು ಹುಣಸೆಮರ. ಅಲ್ಲಿಗೆ ಬಂದಕೂಡಲೇ ಅಶ್ವತ್ಥಮ್ಮ ತಲೆಯ ಮೇಲಿನ ಕುಕ್ಕೆ ಇಳಿಸಿ, ಬುಡದಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದಳು. ಸೊಸೆ ಕೂರಲು ಹೋದರೆ "ಅಲ್ಲಿ ಬೇಡ, ಇರುವೆ ಇದೆ" ಎಂದು ಆಚೆ ತಳ್ಳುತ್ತಿದ್ದಳು. ಇರುವೆ ಅತ್ತೆಯನ್ನು ಮಾತ್ರ ಕಚ್ಚುವುದಿಲ್ಲವೋ? ಏನೋ ಹೂತಿಟ್ಟಿದ್ದಾಳೆ ಮುದುಕಿ, ಬಂಗಾರವೋ ಏನೋ ಎಂದುಕೊಂಡು ಮುನಿಯಲ್ಲಮ್ಮ ಒಂದು ದಿನ ಒಬ್ಬಳೇ ಹೋಗಿ ಕೋಲಿನಿಂದ ಆ ನೆಲ ಕೆದಕಿದಳು. ಹಿಂದಿನಿಂದ ಬಂದ ಅತ್ತೆ ಕೋಲು ಕಿತ್ತುಕೊಂಡು ಕೆನ್ನೆಗೆ ಒಂದು ಬಾರಿಸಿದಳು. ಬಾರಿಸಿ, ತಾನೇ ಗಡಗಡ ನಡುಗಿದಳು. ಅತ್ತೆ ಕೈಯೆತ್ತಿದ್ದು ಅದೊಂದೇ ಸಲ.

ಈಗ ಹೆಳವನ ವಿಷಯಕ್ಕೆ ಬರಬೇಕು. ಒಕ್ಕಲು ಮನೆಗಳ ವಂಶವನ್ನು ಬಾಯಿಪಾಠ ಇಟ್ಟುಕೊಂಡು ಊರೂರು ತಿರುಗುವವರು ಹೆಳವರು. ನಾಲ್ಕೈದು ವರ್ಷಕ್ಕೊಮ್ಮೆ, ರಾಗಿ ಕಣ ಮುಗಿದ ಮೇಲೆ ಬರುತ್ತಾರೆ. ಮಾದೇನಹಳ್ಳಿಗೆ ಬರುತ್ತಿದ್ದವನ ಹೆಸರು ಪೆದ್ದಪ್ಪ. ಎತ್ತಿನ ಮೇಲೆ ಕೂತು, ಸೊಂಟದಿಂದ ಕೆಳಗೆ ಕಂಬಳಿ ಹೊದ್ದು, ಕಾಲೇ ಇಲ್ಲದವನ ಹಾಗೆ ಬರುತ್ತಿದ್ದ. ಅದು ಅವರ ಕಸುಬಿನ ಪದ್ಧತಿ. ಕಾಲಿದೆಯೆಂದು ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ಮುನಿಯಲ್ಲಮ್ಮ ಒಮ್ಮೆ ಕಂಬಳಿ ಎತ್ತಿ ನೋಡಿದ್ದಳು. ಎರಡೂ ಇದ್ದವು. "ನೋಡ್ದ್ರಾ?" ಎಂದು ಊರಿಗೆಲ್ಲ ಸಾರಿದಳು.

ಪೆದ್ದಪ್ಪನ ಕೈಯಲ್ಲಿ ಒಂದು ಕಂಚಿನ ಗಂಟೆ. ಅದನ್ನು ಬಾರಿಸಿ ಲೋಕ ಹುಟ್ಟಿದಲ್ಲಿಂದ ಶುರುಮಾಡಿ, ಮೂಲಪುರುಷನಿಂದ ಇಳಿದು, ಮನೆಯ ಈಗಿನ ಮಕ್ಕಳವರೆಗೂ ಹೇಳುತ್ತಿದ್ದ. ಇದಕ್ಕೊಂದು ಕಟ್ಟು ಇತ್ತು. ನಡುವೆ ಯಾರೂ ಬಾಯಿ ಹಾಕಬಾರದು. ಹಾಕಿದರೆ ನಿಂತಲ್ಲಿಂದ ಮುಂದುವರಿಸುವ ಹಾಗಿಲ್ಲ, ಮತ್ತೆ ಲೋಕ ಹುಟ್ಟುವುದಕ್ಕೇ ಹೋಗಬೇಕು.

ಎಪ್ಪತ್ತೆರಡನೇ ಇಸವಿಯಲ್ಲಿ ಅವನು ಬಂದಾಗ ಕದಿರೇಶನಿಗೆ ಹದಿಮೂರು. ಮನೆಮಂದಿಯೆಲ್ಲ ಜಗಲಿಯ ಮುಂದೆ ಕೂತರು. ಪೆದ್ದಪ್ಪ ಒಂದು ಸಲ ಗಂಟೆ ಬಾರಿಸಿದ, ಕಣ್ಣು ಮುಚ್ಚಿದ.

"ಮೇಲಿಲ್ಲ, ಕೆಳಗಿಲ್ಲ, ಹಗಲಿಲ್ಲ, ಇರುಳಿಲ್ಲ, ನೀರಿಲ್ಲ, ನೆಲವಿಲ್ಲ, ಏನೆಂದರೆ ಏನೂ ಇರಲಿಲ್ಲ, ಕೇಳಿರಯ್ಯಾ…"

"ತಡಿ ತಡಿ" ಎಂದಳು ಮುನಿಯಲ್ಲಮ್ಮ. "ಏನೂ ಇರ್ಲಿಲ್ಲ ಅಂದ್ಯಲ್ಲ, ಅದನ್ನ ನೋಡ್ದೋರ್ ಯಾರು?"

ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಪೆದ್ದಪ್ಪ ಕಣ್ಣು ಬಿಟ್ಟು, "ಅಮ್ಮಾ ತಾಯೀ, ನಡುಮಧ್ಯ ಮಾತಾಡ್ಬಾರ್ದು" ಎಂದು ಮತ್ತೆ ಗಂಟೆ ಬಾರಿಸಿದ. ಮೇಲಿಲ್ಲ, ಕೆಳಗಿಲ್ಲ…

"ನೋಡ್ದೋರ್ ಯಾರೂ ಇಲ್ಲ ಅಂದ್ರೆ, ನಿಮ್ ತಾತಂಗೆ ಹೇಳ್ದೋರ್ ಯಾರು?"

"ಬಾಯ್ಮುಚ್ಚೇ!" ಎಂದಳು ಅಶ್ವತ್ಥಮ್ಮ. ಶ್ರೀರಾಮಪ್ಪ ನಾಚಿಕೆಯಿಂದ ಟವೆಲ್ಲು ಕೊಡವಿ ತಲೆಗೆ ಸುತ್ತಿಕೊಂಡ. ಎತ್ತಿಗೂ ಬೇಸರವಾಗಿ ಸಗಣಿ ಹಾಕಿತು. "ಚೆಪ್ಪೇವಾಡಿಕಿ ವಿನೇವಾಡು ಲೋಕುವ" ಎಂದು ಮುನಿಯಲ್ಲಮ್ಮ ತೆಲುಗಿನಲ್ಲಿ ಗೊಣಗಿದಳು. ಹೇಳುವವನಿಗೆ ಕೇಳುವವನು ಯಾವತ್ತೂ ಸಸಾರವೇ. ಆದರೂ ಮೂರನೆಯ ಸಲ ಸುಮ್ಮನಾದಳು.

ಸುಮ್ಮನಾದದ್ದಕ್ಕೇ ಒಂದು ಸಂಗತಿ ಕಿವಿಗೆ ಬಿತ್ತು. ಪ್ರತಿ ತಲೆಮಾರಿನ ಹಿರಿಯ ಮಗುವಿನ ಹೆಸರಿಗೆ ಮುಂಚೆ ಪೆದ್ದಪ್ಪ ಒಂದು ಗಂಟೆ ಬಾರಿಸುತ್ತಿದ್ದ. ಶ್ರೀರಾಮಪ್ಪನ ಹೆಸರಿಗೂ ಒಂದೇ. ಆದರೆ, "ಶ್ರೀರಾಮಪ್ಪನಿಗೆ" ಎಂದವನೇ ಒಂದು ಸಲ ಬಾರಿಸಿ, ಉಸಿರು ಹಿಡಿದು, ಮತ್ತೊಂದು ಸಲ ಬಾರಿಸಿದ. ಆಮೇಲೆ, "ಕದಿರೇಶನೆಂಬ ಮಗನಯ್ಯಾ" ಎಂದ.

ಎರಡು ಯಾಕೆ?

ಉಳಿದವರು ಯಾರೂ ಗಮನಿಸಲಿಲ್ಲ. ಮುನಿಯಲ್ಲಮ್ಮ ಮಾರನೆಯ ದಿನ ಮೊರ ಕೇಳುವ ನೆಪದಲ್ಲಿ, ಪೆದ್ದಪ್ಪ ವಂಶ ಹೇಳುತ್ತಿದ್ದ ನೆರೆಯ ಭಾರತಮ್ಮನ ಮನೆಗೆ ಹೋಗಿ ಗೋಡೆಗೆ ಕಿವಿಕೊಟ್ಟಳು. ಭಾರತಮ್ಮನ ಹಿರಿಯ ಮಗನಿಗೆ ಒಂದು ಗಂಟೆ. ಅಲ್ಲಿಂದ ರಾಮಲಕ್ಷ್ಮಮ್ಮನ ಮನೆ. ಅಲ್ಲಿ ಮೂರು! ರಾಮಲಕ್ಷ್ಮಮ್ಮನೆಂದರೆ ಎಂಜಲು ಕೈಯಲ್ಲಿ ಕಾಗೆ ಓಡಿಸದವಳು, ಹೆಳವನಿಗೆ ಹೊಟ್ಟಿನ ರಾಗಿ ಕೊಟ್ಟವಳು. ಓಹೋ, ಹೀಗಾ ಸಮಾಚಾರ ಎಂದುಕೊಂಡಳು ಮುನಿಯಲ್ಲಮ್ಮ. ಇದು ಹೆಳವರ ಗುಟ್ಟಿನ ಗುರುತು, ಕೈ ಬಿಗಿಯಿರುವ ಮನೆಗಳಿಗೆ ಹೆಚ್ಚು ಗಂಟೆ. ನಮ್ಮನೆಯನ್ನೂ ಆ ಸಾಲಿಗೆ ಸೇರಿಸಿದ್ದಾನಾ ಈ ಕಂಬಳಿ ಕಳ್ಳ? ಬರಲಿ, ಮಾಡ್ತೀನಿ.

ಎಪ್ಪತ್ತೇಳರಲ್ಲಿ ಪೆದ್ದಪ್ಪ ಮತ್ತೆ ಬಂದ. ಗಂಟೆ ಬಾರಿಸುವುದಕ್ಕೂ ಮುಂಚೆಯೇ ಮುನಿಯಲ್ಲಮ್ಮ ಎರಡು ಮೊರ ರಾಗಿ, ಅವರೆಕಾಳು, ಅಚ್ಚು ಬೆಲ್ಲ, ಮೇಲೆ ಒಂದು ಹಿತ್ತಾಳೆ ಚೊಂಬು ತಂದು ಮುಂದಿಟ್ಟಳು. ಶ್ರೀರಾಮಪ್ಪ ಕಣ್ಣು ಬಾಯಿ ಬಿಟ್ಟು ನೋಡಿದ. ಪೆದ್ದಪ್ಪ ಚೊಂಬನ್ನು ಕಣ್ಣಿಗೊತ್ತಿಕೊಂಡ. ಆದರೆ ಕದಿರೇಶನ ಹೆಸರು ಬಂದಾಗ ಮತ್ತೆ ಎರಡೇ ಗಂಟೆ. ಮುನಿಯಲ್ಲಮ್ಮನಿಗೆ ರೇಗಿಹೋಯಿತು.

"ಚೊಂಬು ಕೊಟ್ರೂ ಎರಡೇನಾ? ಯಾಕಪ್ಪಾ ಎರಡು? ಬೇರೆ ಮನೇಲಿ ಒಂದೇ ಹೊಡೀತೀಯ!"

ಪೆದ್ದಪ್ಪ ಬೆಚ್ಚಿದ. "ಅದನ್ನ ಹೇಳೋ ಹಂಗಿಲ್ಲ ತಾಯಿ. ಮಾತು ಕೊಟ್ಟಿದೀನಿ" ಎಂದು, ತಡೆದುಕೊಳ್ಳಲಾರದೆ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ನಿಂತಿದ್ದ ಅಶ್ವತ್ಥಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡು ಒಳಗೆ ಸರಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸರಿ! ಇಬ್ಬರೂ ಸೇರಿಯೇ ಏನೋ ಮುಚ್ಚಿದ್ದಾರೆ. ಗಂಟೆಗೂ ತನ್ನ ಕೂಸಿಗೂ ಏನೋ ಸಂಬಂಧವಿದೆ ಎಂದು ಮುನಿಯಲ್ಲಮ್ಮನಿಗೆ ಆಗ ಹೊಳೆಯಿತು. ಏನು ಸಂಬಂಧ ಎಂದು ಹೊಳೆಯಲಿಲ್ಲ. ಎರಡು ದಿನ ಅನ್ನ ಸೇರಲಿಲ್ಲ ಆಕೆಗೆ.

ಎರಡು ವರ್ಷದ ಮೇಲೆ ಅಶ್ವತ್ಥಮ್ಮ ಹಾಸಿಗೆ ಹಿಡಿದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಮುನಿಯಲ್ಲಮ್ಮ ಗಂಜಿ ಕುಡಿಸಿದಳು, ಬಟ್ಟೆ ಬದಲಾಯಿಸಿದಳು, ಒಂದಕ್ಕೂ ಲೋಪ ಮಾಡಲಿಲ್ಲ. ಕೇಳಿಬಿಡಬೇಕು, ಇವತ್ತು ಕೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದಳು. ಕೇಳಿದರೆ ಮುದುಕಿ ಒಪ್ಪಿಕೊಂಡುಬಿಟ್ಟರೆ? "ಹೌದು ಕಣೇ, ನಾನೇ" ಎಂದುಬಿಟ್ಟರೆ? ಆಮೇಲೆ ಈ ಕೈಯಿಂದ ಗಂಜಿ ಕುಡಿಸುವುದು ಹೇಗೆ? ಹೆದರಿ ಬಾಯಿ ಕಟ್ಟಿಕೊಂಡಳು. ಸಾಯುವ ಹಿಂದಿನ ದಿನ ಅತ್ತೆಯೇ ಆಕೆಯ ಕೈ ಹಿಡಿದು, "ಹೆಳವ ಬಂದ್ರೆ ಕಾಳು ಜಾಸ್ತಿ ಹಾಕೇ" ಎಂದಳು. ಪ್ರಾಣ ಹೋಗುವಾಗಲೂ ಹೆಳವನ ಚಿಂತೆ! ಮುನಿಯಲ್ಲಮ್ಮನ ಅನುಮಾನ ಕಲ್ಲಾಯಿತು.

ಇಷ್ಟರಲ್ಲಿ ಕದಿರೇಶ ಕೋಲಾರದಲ್ಲಿ ಬಿ.ಎಸ್ಸಿ. ಓದಿ, ಮುಳಬಾಗಿಲಿನಲ್ಲಿ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟರಾಗಿದ್ದ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬರುತ್ತಿದ್ದ. ಎಂಬತ್ತೆರಡರ ಸುಗ್ಗಿಯಲ್ಲಿ ಒಂದು ಶನಿವಾರ, ಮುದ್ದೆ ಮುರಿಯುತ್ತಾ ಹುರುಪಿನಿಂದ ಹೇಳಿದ:

"ಅಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಸಿಕ್ತು. ಈ ಸೂರ್ಯ, ಚಂದ್ರ, ನಕ್ಷತ್ರ ಎಲ್ಲಾ ಮೊದ್ಲು ಒಂದು ಸಾಸಿವೆಗಿಂತ ಸಣ್ಣದರೊಳಗೆ ಅಡಗಿತ್ತಂತೆ. ಅದು ಹಿಗ್ಗಿ ಹಿಗ್ಗಿ ಇಷ್ಟಾಯ್ತು."

"ಆ ಸಾಸಿವೆ ಎಲ್ಲಿತ್ತು?"

"ಎಲ್ಲಿ ಅನ್ನೋದೇ ಇರ್ಲಿಲ್ಲಮ್ಮ. ಜಾಗಾನೂ ಅದರೊಳಗೇ."

"ಸರಿ. ಅದಕ್ಕೆ ಮುಂಚೆ?"

"ಮುಂಚೆ ಅನ್ನೋದೂ ಇರ್ಲಿಲ್ಲ. ಕಾಲ ಶುರುವಾಗಿದ್ದೇ ಅವಾಗ. ಹಂಗೆಲ್ಲ ಕೇಳ್ಬಾರ್ದು."

ಮುನಿಯಲ್ಲಮ್ಮ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದಳು. "ಕೇಳ್ಬಾರ್ದು! ನಿಮ್ಮಜ್ಜೀನೂ ಇದೇ ಅಂದ್ಳು, ನೀನೂ ಇದೇ ಅಂತೀಯ. ಯಾರು ಕೇಳ್ಬಾರ್ದು ಅಂತಾರೋ ಅವ್ರು ಏನೋ ಮುಚ್ಚಿಟ್ಟಿರ್ತಾರೆ ಕಣೋ!"

"ಅಜ್ಜಿ ಯಾಕೆ ಬಂದ್ಳು ಇದರಲ್ಲಿ?"

"ಎಲ್ಲಾರೂ ನೀನೇ ಮೊದಲ್ನೇಯೋನು ಅಂತಾರಲ್ಲ, ಅದು ಸುಳ್ಳು. ನಿನಗೆ ಮುಂಚೆ ಒಂದು ಹೆಣ್ಣಿತ್ತು. ಹದಿನಾರು ದಿನ ನನ್ನ ಮಡಿಲಲ್ಲಿತ್ತು. ಹೆಸರು ಇಡೋಕೆ ಮುಂಚೇನೇ ಹೋಯ್ತು. ಅದು ಇರ್ಲೇ ಇಲ್ಲ ಅಂತ ಲೆಕ್ಕ ನಿನ್ನಿಂದ ಶುರು ಮಾಡುದ್ರು. ನಿಮ್ಮ ಸಾಸಿವೇನೂ ಹಂಗೇನೇ. ಎಣಿಸೋಕೆ ಶುರು ಮಾಡಿದ್ದು ಅಲ್ಲಿಂದ, ಅಷ್ಟೆ."

ಕದಿರೇಶನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಇಪ್ಪತ್ತಮೂರು ವರ್ಷ ಹಿರಿಯ ಮಗನಾಗಿ ಬಾಳಿದವನಿಗೆ ಅಕ್ಕನೊಬ್ಬಳು ಹುಟ್ಟಿದ್ದಳು, ಅದೂ ಮುದ್ದೆಯ ತಟ್ಟೆಯ ಮುಂದೆ. ತುತ್ತನ್ನು ತಟ್ಟೆಗೆ ಇಳಿಸಿ ಹೇಳಿದ: "ಅಮ್ಮಾ, ನಾನು ತಪ್ಪು ಹೇಳ್ದೆ. ಏನೂ ಇರ್ಲಿಲ್ಲ ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ಗಣಿತ ಹಿಂದಕ್ಕೆ ಹೋಗಿ ಹೋಗಿ ಅಲ್ಲಿ ನಿಂತುಬಿಡುತ್ತೆ. ಅದರಾಚೆ ಏನೂ ಇಲ್ಲ ಅಂತೂ ಹೇಳೋಕಾಗಲ್ಲ, ಇದೆ ಅಂತೂ ಹೇಳೋಕಾಗಲ್ಲ. ಗೊತ್ತಿಲ್ಲ, ಅಷ್ಟೆ."

"ಹಂಗೆ ಹೇಳು" ಎಂದಳು ಮುನಿಯಲ್ಲಮ್ಮ. "ಗೊತ್ತಿಲ್ಲ ಅಂದ್ರೆ ನಂಬ್ತೀನಿ. ಇಲ್ಲ ಅಂದ್ರೆ ನಂಬಲ್ಲ." ಮಗನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಮಾರನೆಯ ಭಾನುವಾರ ಬೆಳಿಗ್ಗೆ ಎತ್ತಿನ ಗೆಜ್ಜೆ ಕೇಳಿಸಿತು. ಪೆದ್ದಪ್ಪ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮುನಿಯಲ್ಲಮ್ಮ ಅಂಗಳಕ್ಕೆ ಬಂದವಳೇ ಎತ್ತಿನ ಮೂಗುದಾರ ಹಿಡಿದು ನಿಂತಳು.

"ಈವತ್ತು ಗಂಟೆ ಆಮೇಲೆ. ಮೊದ್ಲು ಇದು ಹೇಳು. ನೀನು ನಮ್ಮತ್ತೆಗೆ ಮಾತು ಕೊಟ್ಟಿದ್ಯಲ್ಲ, ಅವ್ಳು ಹೋಗಿ ಮೂರು ವರ್ಷ ಆಯ್ತು. ಎರಡು ಗಂಟೆ ಯಾಕೆ?"

ಪೆದ್ದಪ್ಪ ಆಕೆಯ ಮುಖ ನೋಡಿದ. ಆಮೇಲೆ, ಯಾವತ್ತೂ ಮಾಡದ ಕೆಲಸ ಮಾಡಿದ: ಎಲ್ಲರೆದುರಿಗೆ ಕಂಬಳಿ ಸರಿಸಿ, ಎತ್ತಿನಿಂದ ಇಳಿದು, ತನ್ನ ಎರಡು ಕಾಲಿನ ಮೇಲೆ ನಿಂತ.

"ದೊಡ್ಡಮ್ಮ ಹೋದ್ರಾ? ನಂಗೆ ಗೊತ್ತಿರ್ಲಿಲ್ಲ ತಾಯಿ. 'ನಾನಿರೋ ತನಕ ಬಾಯಿಬಿಡ್ಬೇಡ, ಆಮೇಲೆ ಅವಳು ಕೇಳಿದ್ರೆ ಹೇಳು' ಅಂದಿದ್ರು. ಹೆಸರಿಲ್ದೆ ಹೋದ ಕೂಸನ್ನ ನಾವು ಬಾಯಲ್ಲಿ ಹೇಳೋ ಹಂಗಿಲ್ಲ. ಅಂಥೋರಿಗೆ ಗಂಟೆ ಮಾತ್ರ. ಒಂದು ಗಂಟೆ ನಿಮ್ಮ ಮಗಳಿಗೆ, ಒಂದು ಕದಿರೇಶಪ್ಪಂಗೆ."

ರಾಮಲಕ್ಷ್ಮಮ್ಮನ ಮೂರು ಗಂಟೆ ಮುನಿಯಲ್ಲಮ್ಮನ ನೆನಪಿಗೆ ಬಂತು. ಅಯ್ಯೋ, ಆ ಜಿಪುಣಿಯ ಕೂಸುಗಳು ಎರಡು ಹೆಸರಿಲ್ಲದೆ ಹೋಗಿದ್ದವು. ತಾನು ಗೋಡೆಗೆ ಕಿವಿಕೊಟ್ಟು ನಕ್ಕಿದ್ದೆನಲ್ಲ.

"ನಿಂಗೆ ಹೇಳಿದ್ದು ಯಾರು? ಅವ್ಳಾ?"

"ಅವರೇ. ಕೂಸು ಹೋದ ವರ್ಷಾನೇ, ನಾನು ಪಕ್ಕದೂರಲ್ಲಿ ಬಿಡಾರ ಹಾಕಿದ್ದಾಗ ನಡ್ಕೊಂಡು ಬಂದ್ರು. 'ಪೆದ್ದಪ್ಪ, ನಮ್ಮನೇಲಿ ಒಂದು ಬಂದು ಹೋಯ್ತು. ಹೆಸರಿಲ್ಲ. ಆದ್ರೂ ಬಿಡ್ಬೇಡ' ಅಂತ ಅತ್ರು. ನಿಮಗೆ ಜ್ವರ ಇತ್ತಂತೆ, ಕೂಸಿಗೂ ಹತ್ತಿಕೊಂಡ್ತಂತೆ. ಮನೇಲಿ ಗಂಡಸರಿಲ್ಲ, ಗಾಡಿ ಇಲ್ಲ. ಎದೆಗೆ ಕಟ್ಕೊಂಡು ತಾಯಲೂರು ಡಾಕ್ಟ್ರ ಹತ್ರ ಓಡಿದ್ರಂತೆ. ಕೆರೆ ಏರಿ ದಾಟೋ ಅಷ್ಟರಲ್ಲಿ…"

"ಹುಣಸೆಮರ" ಎಂದಳು ಮುನಿಯಲ್ಲಮ್ಮ.

"ಹೂಂ ತಾಯಿ. ಅಲ್ಲೇ."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ? ಕೇಳ್ಬಾರ್ದು ಅಂತ ಯಾಕಂದ್ಳು?"

"ಮೊದಲ್ನೇದನ್ನ ನೆನೆಸಿ ನೆನೆಸಿ ಅತ್ರೆ, ಅದು ಹಿಂದೆ ಬರೋ ಕೂಸನ್ನ ಕರ್ಕೊಂಡು ಹೋಗುತ್ತೆ ಅಂತ ನಂಬಿದ್ರು. ನಿಮ್ಮ ಪಾಲಿನದನ್ನೂ ತಾವೇ ಅತ್ಕೊತೀನಿ ಅಂದ್ರು."

ಮುನಿಯಲ್ಲಮ್ಮ ಮೂಗುದಾರ ಬಿಟ್ಟಳು. ಅಂಗಳದಲ್ಲೇ ಕೂತಳು. ಪೆದ್ದಪ್ಪ ಕಟ್ಟಿ ಹೇಳುತ್ತಿರಬಹುದೇ ಎಂದು ಅಭ್ಯಾಸಬಲದಿಂದ ಒಂದು ಕ್ಷಣ ಅನ್ನಿಸಿತು. ಆದರೆ ಕೆನ್ನೆಗೆ ಬಿದ್ದ ಆ ಏಟು, ಹೊಡೆದವಳೇ ನಡುಗಿದ ಆ ಕೈ, ಅದನ್ನು ಯಾವ ಹೆಳವ ಕಟ್ಟಲು ಸಾಧ್ಯ? ತಾನು ಕೋಲು ಹಾಕಿ ಕೆದಕಿದ್ದು ಎಲ್ಲಿಗೆ ಎಂದು ನೆನೆದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಇಪ್ಪತ್ತು ವರ್ಷ ಆ ಮುದುಕಿ ಕೊಟ್ಟ ನೀರನ್ನು ಬೆಳಕಿಗೆ ಹಿಡಿದು ನೋಡಿದ್ದಳು. ಅತ್ತೆಗೆ ಅದು ಕಂಡಿತ್ತು. ಕಂಡೂ ದಿನಾ ನೀರು ತಂದು ಕೊಟ್ಟಿದ್ದಳು. ಮುನಿಯಲ್ಲಮ್ಮ ಗೋಳೋ ಎಂದು ಅತ್ತಳು. ಮಗಳಿಗೋ ಅತ್ತೆಗೋ, ಇಬ್ಬರಿಗೂ. ಶ್ರೀರಾಮಪ್ಪ ಪಕ್ಕದಲ್ಲಿ ಬಂದು ಕೂತ. ಕದಿರೇಶ ಒಂದು ಲೋಟ ನೀರು ತಂದು ಕೊಟ್ಟ. ಆಕೆ ಅದನ್ನು ನೋಡದೆ ಕುಡಿದಳು.

ಸೆರಗಿನಲ್ಲಿ ಮೂಗು ಒರೆಸಿಕೊಂಡ ಮೇಲೆ, ಮತ್ತೆ ಒಂದು ಕಣ್ಣು ಕಿರಿದಾಯಿತು.

"ಪೆದ್ದಪ್ಪಾ, ಇನ್ನೊಂದು ಕೇಳ್ಬೇಕು. ಮೊಟ್ಟಮೊದ್ಲು, ಏನೂ ಇರ್ಲಿಲ್ಲ ಅನ್ನೋಕೆ ಮುಂಚೆ, ಒಂದು ಗಂಟೆ ಹೊಡೀತೀಯಲ್ಲ. ಅದು ಯಾರಿಗೆ?"

ಪೆದ್ದಪ್ಪ ಗಂಟೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ನಂಗೆ ಗೊತ್ತಿಲ್ಲ ತಾಯಿ. ನಮ್ಮಪ್ಪಂಗೂ ಗೊತ್ತಿರ್ಲಿಲ್ಲ. ತಾತ ಹೇಳಿದ್ದು ಇಷ್ಟೇ: ಅದನ್ನ ಬಾರಿಸ್ದೆ ಬಾಯಿ ತೆಗೀಬೇಡ."

ಕದಿರೇಶ ತಾಯಿಯ ಮುಖ ನೋಡಿದ. ಗೊತ್ತಿಲ್ಲ ಎಂದವನನ್ನು ಆಕೆ ನಂಬಿದಳು. "ಇರ್ಲಿ, ಬಾರಿಸು" ಎಂದಳು.

"ಹೆಸರು ಕೊಟ್ರೆ, ಇನ್ಮೇಲೆ ಬಾಯಲ್ಲೇ ಹೇಳ್ತೀನಿ ತಾಯಿ. ಇನ್ನೇನು ಭಯ? ಹಿಂದೆ ಬಂದೋನು ಬೆಳೆದು ನಿಂತಿದಾನಲ್ಲ."

ಯೋಚಿಸುವ ಅಗತ್ಯವೇ ಬೀಳಲಿಲ್ಲ. ಮನೆಯ ಮೊದಲ ಹೆಣ್ಣಿಗೆ ಅಜ್ಜಿಯ ಹೆಸರು ಇಡುವುದು ಆ ಸೀಮೆಯ ವಾಡಿಕೆ. "ಅಶ್ವತ್ಥಮ್ಮ" ಎಂದಳು.

ಪೆದ್ದಪ್ಪ ಎತ್ತು ಹತ್ತಿ, ಕಂಬಳಿ ಹೊದ್ದು, ಮತ್ತೆ ಕಾಲಿಲ್ಲದವನಾದ. ಗಂಟೆ ಬಾರಿಸಿದ. ಮೇಲಿಲ್ಲ, ಕೆಳಗಿಲ್ಲ, ಹಗಲಿಲ್ಲ, ಇರುಳಿಲ್ಲ. ಏನೂ ಇರಲಿಲ್ಲ ಎಂಬಲ್ಲಿಗೆ ಬಂದಾಗ ಎಲ್ಲರೂ ಮುನಿಯಲ್ಲಮ್ಮನ ಕಡೆ ತಿರುಗಿದರು. ಆಕೆ ತುಟಿಪಿಟಕ್ ಎನ್ನಲಿಲ್ಲ. ನೀರು ಬಂತು, ನೆಲ ಬಂತು, ಮೂಲಪುರುಷ ನೇಗಿಲು ಹೂಡಿದ, ತಲೆಮಾರುಗಳು ಒಂದೊಂದಾಗಿ ಇಳಿದವು.

"ಶ್ರೀರಾಮಪ್ಪನಿಗೆ ಹಿರಿಮಗಳು ಅಶ್ವತ್ಥಮ್ಮನಯ್ಯಾ, ಅವಳ ಬೆನ್ನಿಗೆ ಕದಿರೇಶನೆಂಬ ಮಗನಯ್ಯಾ…"

"ತಡಿ" ಎಂದಳು ಮುನಿಯಲ್ಲಮ್ಮ. "ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಎಲ್ಲರಿಗೂ ಕೇಳಿಸಿತ್ತು. ಆಕೆಗೂ ಕೇಳಿಸಿತ್ತು. ಪೆದ್ದಪ್ಪನಿಗೆ ಅದು ಗೊತ್ತಿತ್ತು. ಆದರೆ ನಡುವೆ ಬಾಯಿ ಹಾಕಿದ ಮೇಲೆ ಕಟ್ಟು ಕಟ್ಟೇ. ಅವನು ಗಂಟೆ ಎತ್ತಿ, ಮೊದಲಿನಿಂದ ಬಾರಿಸಿದ.